ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದಲ್ಲಿ ಛಾಯಾಮುದ್ರಣ: ಎನ್‌ಲಾರ್ಜರ್ ಯುಗದ ಒಂದು ಅವಲೋಕನ

ಛಾಯಾಚಿತ್ರಣದ ಚರಿತ್ರೆಯನ್ನು ಬರೆದವರು ಕ್ಯಾಮರಾಕ್ಕೆ ಕೊಟ್ಟ ಪ್ರಾಶಸ್ತ್ಯವನ್ನು ಮುದ್ರಣಕ್ಕೆ ಕೊಟ್ಟಿಲ್ಲ. ಆದರೆ ಜನರ ಮನೆಯ ಗೋಡೆಯನ್ನು ತಲುಪಿದ್ದು ನೆಗೆಟಿವಿನಿಂದ ಕಾಗದದ ಮೇಲೆ ಮೂಡಿಸಿದ ಪ್ರತಿ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಬಹುಕಾಲ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮೂಡಲಗಿ ಘಟಪ್ರಭಾ ಸೀಮೆಯ ಊರುಗಳು. ಇವುಗಳ ಹಿನ್ನೆಲೆಯಲ್ಲಿ ಎನ್‌ಲಾರ್ಜರ್ ಮುದ್ರಣವನ್ನು ಪರಿಶೀಲಿಸಿದಾಗ ಎರಡು ಸಂಗತಿಗಳು ಮುಖ್ಯವಾಗುತ್ತವೆ. ಚಿತ್ರವನ್ನು ಹಿಗ್ಗಿಸುವ ವಿದ್ಯೆ ನಾಡಿನಲ್ಲಿ ನೆಲೆಯೂರಲು ಕ್ಯಾಮರಾದಷ್ಟೇ ವಿದ್ಯುತ್ತೂ ಕಾರಣವಾಯಿತು. ಪ್ರತ್ಯೇಕ ಭಾವಚಿತ್ರವೇ ಇಲ್ಲದವರಿಗೆ, ವಿಶೇಷವಾಗಿ ಹೆಂಗಸರಿಗೆ, ಅಂತಹ ಚಿತ್ರವೊಂದನ್ನು ದೊರಕಿಸಿಕೊಡುವ ಸಾಧ್ಯತೆಯನ್ನು ಇದೇ ವಿದ್ಯೆ ತಂದಿತು.

ಸಂಪರ್ಕ ಮುದ್ರಣದ ಕಾಲ

ಉತ್ತರ ಕರ್ನಾಟಕದ ಆರಂಭಿಕ ಛಾಯಾಚಿತ್ರಣ ಸ್ಮಾರಕಗಳ ದಾಖಲಾತಿಯೊಡನೆ ಬೆಳೆಯಿತು. ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗ್ಯುಸನ್ ಅವರ ಬರಹಗಳೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತತ್ವ ಸರ್ವೇಕ್ಷಣೆ ನಡೆಸಿದರು. 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಅಲ್ಲಿನ ಎಸ್. ಮಹಾದೇವ ಅಂಡ್ ಸನ್ ಸ್ಟುಡಿಯೊದಲ್ಲಿ ಅವರ ಭಾವಚಿತ್ರ ತೆಗೆಯಲಾಯಿತು. ಜಿಲ್ಲಾಕೇಂದ್ರದಲ್ಲಿ ಆ ಹೊತ್ತಿಗೆ ವೃತ್ತಿಪರ ಸ್ಟುಡಿಯೊ ಇದ್ದುದಕ್ಕೆ ಇದು ಸಾಕ್ಷ್ಯ.

ಆ ಕಾಲದ ಮುದ್ರಣ ಬಹುಮಟ್ಟಿಗೆ ಸಂಪರ್ಕ ಮುದ್ರಣ. ನೆಗೆಟಿವನ್ನು ಸೂಕ್ಷ್ಮಗ್ರಾಹಿ ಕಾಗದದ ಮೇಲಿರಿಸಿ, ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಒಡ್ಡುತ್ತಿದ್ದರು. ಗಾಜಿನ ಫಲಕ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮರಾವನ್ನೇ ಹೊರಬೇಕಿತ್ತು. ಬಾಲ್ಟಿಮೋರಿನ ಡೇವಿಡ್ ವುಡ್‌ವರ್ಡ್ 1857ರಲ್ಲಿ ಸೌರ ಎನ್‌ಲಾರ್ಜರಿಗೆ ಪೇಟೆಂಟ್ ಪಡೆದಿದ್ದರೂ, ಸೂರ್ಯನ ಚಲನೆಗೆ ತಕ್ಕಂತೆ ಕನ್ನಡಿಯನ್ನು ಹೊರಳಿಸುತ್ತ ದೀರ್ಘಕಾಲ ಕಾಯಬೇಕಾದ ವಿಧಾನ ಅದಾಗಿತ್ತು. ಶೀಘ್ರಗ್ರಾಹಿಯಾದ ಜೆಲಟಿನ್ ಬ್ರೋಮೈಡ್ ಕಾಗದ ಬಂದ ಮೇಲೆ ಕೃತಕ ದೀಪದಿಂದ ಹಿಗ್ಗಿಸುವುದು ಸುಲಭವಾಯಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮರಾದ 24×36 ಮಿಲಿಮೀಟರ್ ನೆಗೆಟಿವಂತೂ ಹಿಗ್ಗಿಸದೆ ನೋಡಲಾಗದಷ್ಟು ಚಿಕ್ಕದು. ಅದರಿಂದ 8×10 ಅಂಗುಲದ ಪ್ರತಿ ತೆಗೆಯಲು ಸುಮಾರು ಎಂಟೂವರೆ ಪಟ್ಟು ಹಿಗ್ಗಿಸಬೇಕು.

ಬೆಳಕಿನ ಪ್ರಶ್ನೆ

ಸೀಮೆಎಣ್ಣೆ, ಕಾರ್ಬೈಡ್ ದೀಪಗಳಿಂದಲೂ ಎನ್‌ಲಾರ್ಜರ್ ನಡೆಸಬಹುದಿತ್ತು. ಆದರೆ ಪ್ರತಿಯಿಂದ ಪ್ರತಿಗೆ ಬದಲಾಗದ ಬೆಳಕನ್ನು ಕೊಡಬಲ್ಲದ್ದು ವಿದ್ಯುದ್ದೀಪವೇ. ಈ ದೃಷ್ಟಿಯಿಂದ ಗೋಕಾಕ, ಹುಕ್ಕೇರಿಗಳ ಚರಿತ್ರೆ ಗಮನಾರ್ಹ. ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ 1887ರ ವೇಳೆಗೆ ಜಲಶಕ್ತಿಯಿಂದ ನೂಲಿನ ಗಿರಣಿ ನಡೆಯತೊಡಗಿತ್ತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಗಿರಣಿಗೆ, ಗಣಿಗೆ ದೊರೆತ ಶಕ್ತಿ ಗ್ರಾಮೀಣ ಪೇಟೆಯ ಅಂಗಡಿಗೆ ಬರಲು ಮತ್ತೆ ಹಲವು ದಶಕಗಳೇ ಬೇಕಾದವು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಈ ಅಂತರವನ್ನು ತುಂಬುವ ಪ್ರಯತ್ನಗಳಲ್ಲೊಂದು. ಸಿರಸಿಲ್ಲ, ಕೊಡಿನಾರ್, ಮುಳಾ-ಪ್ರವರಾ ಮತ್ತು ಲಖನೌ ಸಂಘಗಳೊಂದಿಗೆ ದೇಶದ ಮೊದಲ ಐದು ಪ್ರಾಯೋಗಿಕ ಸಹಕಾರ ಸಂಘಗಳ ಸಾಲಿಗೆ ಅದು ಸೇರಿದೆ. ಹೊಲದ ಪಂಪಿಗೆಂದು, ಮನೆಯ ದೀಪಕ್ಕೆಂದು ಎಳೆದ ತಂತಿಯೇ ಕತ್ತಲಕೋಣೆಯ ದೀಪಕ್ಕೂ ಆಧಾರ.

ವಿದ್ಯುತ್ತು ಬಂದರಷ್ಟೇ ಸಾಲದು, ಅದು ಸ್ಥಿರವಾಗಿಯೂ ಇರಬೇಕು. ವೋಲ್ಟೇಜು ಶೇ. 10ರಷ್ಟು ಇಳಿದರೆ ತಂತುದೀಪದ ಬೆಳಕು ಸುಮಾರು ಶೇ. 30ರಷ್ಟು ತಗ್ಗುತ್ತದೆ. ಸಂಜೆ ಊರಿನ ದೀಪಗಳೆಲ್ಲ ಹೊತ್ತಿದಾಗ ತೆಗೆದ ಪ್ರತಿ ಮಧ್ಯಾಹ್ನದ ಪ್ರತಿಗಿಂತ ಪೇಲವವಾಗುವುದು ಇದರಿಂದಲೇ.

ಕತ್ತಲಕೋಣೆಯ ಕೆಲಸ

ಎನ್‌ಲಾರ್ಜರಿನ ರಚನೆ ಸರಳವಾದದ್ದು. ಮೇಲೆ ದೀಪ, ಅದರ ಕೆಳಗೆ ಬೆಳಕನ್ನು ಸಮನಾಗಿ ಹರಡುವ ಕಂಡೆನ್ಸರ್ ಮಸೂರ, ನೆಗೆಟಿವ್ ಹಿಡಿಕೆ, ಅದರ ಕೆಳಗೆ ಲೆನ್ಸು, ಬುಡದಲ್ಲಿ ಕಾಗದವನ್ನಿಡುವ ಹಲಗೆ. ತಲೆಯನ್ನು ಕಂಬದ ಮೇಲೆ ಏರಿಸಿದಂತೆ ಚಿತ್ರ ಹಿಗ್ಗುತ್ತದೆ, ಬೆಳಕು ತೆಳುವಾಗುತ್ತದೆ. ಚಿತ್ರದ ಉದ್ದಗಲ ಎರಡು ಪಟ್ಟಾದರೆ ಬೆಳಕಿಗೊಡ್ಡುವ ಅವಧಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು. ಮೊದಲು ಕಾಗದದ ಪಟ್ಟಿಯೊಂದರ ಮೇಲೆ ಬೇರೆಬೇರೆ ಅವಧಿಗಳನ್ನು ಪರೀಕ್ಷಿಸಿ ನಂತರ ಪೂರ್ಣ ಹಾಳೆ ಬಳಸುವುದು ಕ್ರಮ. ಮುಖ ಕಪ್ಪಾಗುವಂತಿದ್ದರೆ ಅಲ್ಲಿಗೆ ಅಂಗೈ ಅಡ್ಡಹಿಡಿಯುವುದು, ಬಿಳಿಯ ರುಮಾಲಿನ ನಿರಿಗೆ ಮೂಡದಿದ್ದರೆ ಅಲ್ಲಿಗಷ್ಟೇ ಹೆಚ್ಚು ಬೆಳಕು ಬಿಡುವುದು ಮುದ್ರಕನ ಕೈಚಳಕ. ಕೆಂಪು ದೀಪದ ಬೆಳಕಿನಲ್ಲಿ ಕಾಗದವನ್ನು ಡೆವಲಪರ್, ಆಮ್ಲದ ನೀರು, ಹೈಪೊ ದ್ರಾವಣಗಳಲ್ಲಿ ಅನುಕ್ರಮವಾಗಿ ಅದ್ದಿ, ಕೊನೆಗೆ ಹರಿಯುವ ನೀರಿನಲ್ಲಿ ತೊಳೆಯಬೇಕು. ತೊಳೆಯಲು ನೀರು ಸಾಲದೆ ಹೈಪೊ ಉಳಿದ ಪ್ರತಿಗಳು ವರ್ಷಗಳ ನಂತರ ಹಳದಿಗೆ ತಿರುಗುತ್ತವೆ. ಹಾಗಾಗಿ ಹಳೆಯ ಪ್ರತಿಯ ಬಣ್ಣವೂ ಅದನ್ನು ಮುದ್ರಿಸಿದ ಪರಿಸ್ಥಿತಿಯನ್ನು ಸೂಚಿಸಬಲ್ಲದು.

ಗುಂಪಿನಿಂದ ಬೇರ್ಪಟ್ಟ ಮುಖ

ಗ್ರಾಮೀಣ ಕುಟುಂಬಗಳಲ್ಲಿ ‘ಫೋಟೊ ದೊಡ್ಡದು ಮಾಡಿಸುವುದು’ ಹಲವೊಮ್ಮೆ ಸಾವಿನ ನಂತರದ ಕಾರ್ಯ. ತೀರಿಕೊಂಡವರ ಚಿತ್ರಕ್ಕೆ ಕಟ್ಟು ಹಾಕಿಸಿ, ಹೂಮಾಲೆ ಏರಿಸಿ ಗೋಡೆಗೆ ತೂಗುಹಾಕುವ ರೂಢಿ ನಾಡಿನೆಲ್ಲೆಡೆ ಇದೆ. ಶಿವಬೋಧರಂಗ ಮಠದ ಮೂಡಲಗಿಯಂತಹ ಊರಿನ ಸುತ್ತ ಗುರುವಿನ ಪಟವನ್ನು ಪೂಜಿಸುವ ಸಂಪ್ರದಾಯವೂ ಜೊತೆಗಿರುವುದರಿಂದ ಹಿರಿಯರ ಪಟಕ್ಕೆ ಸಹಜವಾಗಿಯೇ ಗೌರವದ ಸ್ಥಾನ ದೊರೆತಿದೆ. ಆದರೆ ಜೀವಮಾನದಲ್ಲಿ ಒಮ್ಮೆಯೂ ಒಬ್ಬಂಟಿಯಾಗಿ ಕ್ಯಾಮರಾದ ಮುಂದೆ ಕೂಡದ ಹೆಂಗಸಿನ ಮುಖ ಉಳಿಯುತ್ತಿದ್ದುದು ಮದುವೆಯ ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ. ನೆಗೆಟಿವಿನಲ್ಲಿ 6 ಮಿಲಿಮೀಟರಿನಷ್ಟಿರುವ ಮುಖವನ್ನು 15 ಸೆಂಟಿಮೀಟರಿಗೆ ಏರಿಸಬೇಕಾದರೆ 25 ಪಟ್ಟು ಹಿಗ್ಗಿಸಬೇಕು. ಆಗ ಬೆಳ್ಳಿಯ ಕಣಗಳೇ ಎದ್ದು ಕಾಣುತ್ತವೆ, ಕಣ್ಣು ಮೂಗುಗಳ ಗೆರೆ ಕರಗುತ್ತದೆ. ಅದನ್ನು ಕುಂಚದಿಂದ ತಿದ್ದಿ, ಪಕ್ಕದವರ ಭುಜವನ್ನು ಅಳಿಸಿ, ಹಿನ್ನೆಲೆಯನ್ನು ಬಿಳಿಯಾಗಿಸಿ ಭಾವಚಿತ್ರವನ್ನು ಸಿದ್ಧಪಡಿಸಲಾಗುತ್ತಿತ್ತು. ನೆಗೆಟಿವೇ ಇಲ್ಲದಿದ್ದರೆ ಹಳೆಯ ಪ್ರತಿಯ ಚಿತ್ರ ತೆಗೆದು ಹೊಸ ನೆಗೆಟಿವ್ ಮಾಡಬೇಕಿತ್ತು. ಹೀಗೆ ಮೂಡಿದ ಮುಖವನ್ನು ಯಥಾವತ್ ದಾಖಲೆಯೆಂದು ಸ್ವೀಕರಿಸಲಾಗದು. ಆದರೂ ಮುಂದಿನ ಪೀಳಿಗೆಗೆ ಅಜ್ಜಿಯ ಮುಖವೆಂದರೆ ಅದೇ.

ಉಪಸಂಹಾರ

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಹೆಸರಿನ ಕಪ್ಪು-ಬಿಳುಪು ಸಾಮಗ್ರಿ ದೇಶದಾದ್ಯಂತ ಬಳಕೆಯಲ್ಲಿದ್ದ ಕಾಲ ಮುಗಿದಿದೆ. ವರ್ಣಚಿತ್ರದ ಸ್ವಯಂಚಾಲಿತ ಲ್ಯಾಬುಗಳು, ಅನಂತರ ಡಿಜಿಟಲ್ ತಂತ್ರಜ್ಞಾನ ಕತ್ತಲಕೋಣೆಯನ್ನು ಬದಿಗೆ ಸರಿಸಿದವು. ಕೊಡಕ್ ಸಂಸ್ಥೆ 2005ರಲ್ಲಿ ಕಪ್ಪು-ಬಿಳುಪು ಮುದ್ರಣ ಕಾಗದದ ತಯಾರಿಕೆಯನ್ನು ಕೈಬಿಟ್ಟಿತು. ಕಟ್ಟು ಹಾಕಿದ ಪಟಗಳು ಮನೆಗಳಲ್ಲಿ ಉಳಿಯುತ್ತವೆ, ನೆಗೆಟಿವುಗಳಿಗೆ ಅಂತಹ ರಕ್ಷಣೆಯಿಲ್ಲ. ಗುಂಪಿನಿಂದ ಯಾರನ್ನು ಬೇರ್ಪಡಿಸಲಾಯಿತು, ಯಾರನ್ನು ಅಳಿಸಲಾಯಿತು ಎಂಬುದಕ್ಕೆ ಪುರಾವೆ ನೆಗೆಟಿವ್ ಮಾತ್ರ. ಆದುದರಿಂದ ತಾಲ್ಲೂಕು ಮಟ್ಟದಲ್ಲಿ ಹಳೆಯ ಸ್ಟುಡಿಯೊಗಳ ನೆಗೆಟಿವ್, ಆರ್ಡರ್ ಪುಸ್ತಕ ಹಾಗೂ ಪರಿಕರಗಳ ಪಟ್ಟಿ ಸಿದ್ಧಪಡಿಸುವುದು, ಪಟವನ್ನೂ ಅದರ ಮೂಲ ಗುಂಪುಚಿತ್ರವನ್ನೂ ಒಟ್ಟಿಗೆ ದಾಖಲಿಸುವುದು ಪ್ರಾದೇಶಿಕ ಚರಿತ್ರೆಯ ಅಧ್ಯಯನಕ್ಕೆ ತುರ್ತಾಗಿ ಆಗಬೇಕಾದ ಕೆಲಸಗಳು. ಗೋಕಾಕ, ಮೂಡಲಗಿ, ಹುಕ್ಕೇರಿಗಳಿಂದ ಅದನ್ನು ಆರಂಭಿಸಿದರೆ ವಿದ್ಯುತ್ತಿನ ಚರಿತ್ರೆ ಮತ್ತು ಕುಟುಂಬದ ಚರಿತ್ರೆಗಳನ್ನು ಒಟ್ಟಾಗಿ ಓದುವ ಅವಕಾಶ ಸಂಶೋಧಕರಿಗೆ ದೊರೆಯುತ್ತದೆ.