ಅಪೊಪ್ಟೋಸಿಸ್

ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಗ್ರೀಕಿನಲ್ಲಿದ್ದ ಮಾತಿದು: 'ಅಪೊ' ಎಂದರೆ ಆಚೆಗೆ, 'ಪ್ಟೋಸಿಸ್' ಎಂದರೆ ಬೀಳುವಿಕೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಜೀವಕೋಶದ ಅಚ್ಚುಕಟ್ಟಾದ ಸಾವಿಗೆ ಈ ಹೆಸರಿಟ್ಟರು. ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್. ಎರಡನೆಯ 'ಪ'ಕಾರವನ್ನು ನುಂಗಿ ಉಚ್ಚರಿಸಿ ಎಂದೂ ಆ ಮೂವರು ಆಗ ಹೇಳಿದ್ದರು. ಯಾರು ಕೇಳುತ್ತಾರೆ!

ಸಾಯಹೊರಟ ಕೋಶ ತನ್ನ ಪೊರೆಯ ಒಳಮೈಯಲ್ಲಿದ್ದ ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. ಅನೆಕ್ಸಿನ್-5 ಎಂಬ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ. ಈ ಪ್ರೋಟೀನಿಗೆ ಹೊಳೆಯುವ ನ್ಯಾನೊಕಣ ಕಟ್ಟಿ ಬಿಟ್ಟರೆ, ಸೂಕ್ಷ್ಮದರ್ಶಕದಡಿ ಉದುರಲಿರುವ ಕೋಶದ ಅಂಚು ಬಳೆಯಂತೆ ಮಿನುಗುತ್ತದೆ.

ಅಪೊಪ್ಟೋಸಿಸ್‌ಗೆ ಕನ್ನಡದಲ್ಲಿ 'ಕೋಶಮರಣ' ಎಂದರೆ ಪೆಟ್ಟುಬಿದ್ದು ಸಾಯುವ ನೆಕ್ರೋಸಿಸ್ಸೂ ಅದರೊಳಗೆ ಸೇರಿಬಿಡುತ್ತದೆ. ನನ್ನ ಮತ 'ಕೋಶದುದುರು'ವಿಗೆ.