ಪುಣೆಯ ಮುಠಾ, ನಮ್ಮ ಭೀಮೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರನ್ನು ‘ನಿಮ್ಮ ಊರಿನ ಹೊಳೆ ಯಾವುದು?’ ಎಂದು ಕೇಳಿದರೆ ಸವದತ್ತಿಯ ಕಡೆಯವರು ಮಲಪ್ರಭೆ ಎಂದಾರು, ಗೋಕಾಕದವರು ಘಟಪ್ರಭೆ ಎಂದಾರು, ಅಫಜಲಪುರದವರು ಭೀಮೆ ಎಂದಾರು. ಮುಠಾ ಎಂದು ಹೇಳುವವರು ವಿರಳ. ಮೂವತ್ತು ನಲವತ್ತು ವರ್ಷ ಇಲ್ಲಿಯೇ ಬಾಳಿದವರಿಗೂ ಅದು ಪರರ ಹೊಳೆ. ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳಬೇಕಾದ ಗಟಾರ.

ಆದರೆ ಭೂಪಟವನ್ನು ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟುವ ಮುಠಾ ಪುಣೆಯ ಸಂಗಮದಲ್ಲಿ ಮುಳಾ ನದಿಯನ್ನು ಕೂಡಿಕೊಂಡು, ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಮುಂದೆ ಕನ್ನಡನಾಡಿಗೆ ಬರುತ್ತದೆ. ದೇವಲ ಗಾಣಗಾಪುರ, ಸನ್ನತಿ, ಯಾದಗಿರಿಗಳನ್ನು ಹಾಯ್ದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಅಂದರೆ ಇಲ್ಲಿ ನಾವು ಹೊಳೆಗೆ ಬಿಟ್ಟದ್ದು ತವರಿನ ದಾರಿಯನ್ನೇ ಹಿಡಿಯುತ್ತದೆ. ಉಜನಿಯಲ್ಲಿ ಸ್ವಲ್ಪ ತಂಗೀತು, ಬೇರೆ ಹೊಳೆಗಳ ನೀರು ಬೆರೆತು ತಿಳಿಯಾದೀತು. ಆದರೂ ನದಿ ಒಂದೇ. ಈ ಕಾರಣಕ್ಕಾಗಿಯಾದರೂ ಮುಠೆಯ ಚರಿತ್ರೆಯನ್ನು ನಾವು ಅರಿತಿರುವುದು ಒಳ್ಳೆಯದು.

ಪೇಶ್ವೆಯರ ಕಾಲದಲ್ಲಿ ಪುಣೆಯ ನೀರಿನ ವ್ಯವಸ್ಥೆ ಜನರ ಕಣ್ಣೆದುರಿನದಾಗಿತ್ತು. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಮುಠೆಯನ್ನು ಸೇರುವ ಆಂಬಿಲ ಓಢಾ ಎಂಬ ಹಳ್ಳಕ್ಕೆ ಕಾತ್ರಜದಲ್ಲಿ ಕೆರೆ ಕಟ್ಟಿಸಿ, ನೆಲದೊಳಗಿನ ಕಲ್ಲುಗಾಲುವೆಯ ಮೂಲಕ ನೀರನ್ನು ಊರಿಗೆ ತರಿಸಿದ. ಪೇಟೆಗಳಲ್ಲಿದ್ದ ಹೌದಗಳಿಂದ, ಎಂದರೆ ಸಾರ್ವಜನಿಕ ತೊಟ್ಟಿಗಳಿಂದ, ಜನ ನೀರು ತುಂಬಿಕೊಳ್ಳುತ್ತಿದ್ದರು. ನಾಲ್ಕು ಮಂದಿ ಕೊಡ ಮುಳುಗಿಸುವ ಕಡೆ ಒಬ್ಬ ಹೊಲಸು ಮಾಡಿದರೆ ಉಳಿದ ಮೂವರು ಸುಮ್ಮನಿರುವುದಿಲ್ಲ. ನೀರಿನ ಕಾವಲಿಗೆ ಅದಕ್ಕಿಂತ ಒಳ್ಳೆಯ ಕಾನೂನು ಬೇಕಿರಲಿಲ್ಲ.

ಆಂಗ್ಲರ ಕಾಲದಲ್ಲಿ ಊರು ಬೆಳೆಯಿತು, ಬಾಯಾರಿಕೆಯೂ ಬೆಳೆಯಿತು. 1850ರಲ್ಲಿ ಸರ್ ಜಮಶೇಟಜಿ ಜೀಜೀಭಾಯಿ ಅವರ ದಾನದಿಂದ ಮುಳಾ-ಮುಠೆಗೆ ಒಡ್ಡು ಬಿತ್ತು; ಇಂದಿನ ಬಂಡ್ ಗಾರ್ಡನ್ನಿನ ಹೆಸರಿನಲ್ಲಿ ಅದರ ನೆನಪು ಉಳಿದಿದೆ. 1879ರಲ್ಲಿ ಖಡಕವಾಸಲೆಯ ಕಲ್ಲಿನ ಅಣೆಕಟ್ಟು ಮುಗಿಯಿತು. ಇಲ್ಲಿ ನಮ್ಮವರೊಬ್ಬರ ಹೆಸರು ಬರುತ್ತದೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು ಖಡಕವಾಸಲೆಯಲ್ಲಿ, 1903ರಲ್ಲಿ. ನೆರೆ ಏರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡಲು ಸಾಧ್ಯವಾಯಿತು. ಪುಣೆಯ ನದಿಗೂ ಕನ್ನಡಿಗರಿಗೂ ಇರುವ ನಂಟು ಇಂದಿನದಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ನಲ್ಲಿಯ ನೀರಿನ ಸೌಕರ್ಯದ ಜೊತೆಗೇ ಒಂದು ನಷ್ಟವೂ ಬಂದಿತು. ನೀರು ಗೋಡೆಯೊಳಗಿಂದ ಬರುತ್ತದೆ, ಬಳಸಿದ ಮೇಲೆ ನೆಲದೊಳಗೆ ಹೋಗುತ್ತದೆ. ನಡುವೆ ಹೊಳೆಯ ಮುಖವನ್ನು ನೋಡುವ ಅಗತ್ಯವೇ ಇಲ್ಲ. ಬರಬರುತ್ತ ನಗರ ಹೊಳೆಗೆ ಬೆನ್ನು ಹಾಕಿತು.

1961ರ ಜುಲೈ 12ರಂದು ಹೊಳೆಯೇ ಊರೊಳಗೆ ಬಂದಿತು. ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಕೆಳಗಿನ ಖಡಕವಾಸಲೆಯೂ ಒಡೆಯಿತು. ಹಿಂದಿನ ರಾತ್ರಿ ಸೈನಿಕರು ಮರಳಿನ ಚೀಲಗಳನ್ನು ಒಟ್ಟಿ ಪಾನಶೇತವನ್ನು ತಡೆದು ಹಿಡಿದ ಕಾರಣ ಒಡಕು ಹಗಲಿನಲ್ಲಿ ಸಂಭವಿಸಿ, ಎಷ್ಟೋ ಜೀವ ಉಳಿಯಿತು. ಆದರೂ ದಂಡೆಯ ಪೇಟೆಗಳು ಮುಳುಗಿದವು, ಮನೆಗಳು ಕುಸಿದವು. ನೆರೆ ಇಳಿದ ಮೇಲೆ ನಗರಕ್ಕೆ ಕುಡಿಯುವ ನೀರಿನ ಆಧಾರವೂ ಇಲ್ಲವಾಗಿತ್ತು.

ಅನಂತರ ಅಣೆಕಟ್ಟುಗಳು ಮತ್ತೆ ಎದ್ದವು, ಹೊಸವೂ ಸೇರಿದವು. ಮಳೆಗಾಲ ಕಳೆದರೆ ಖಡಕವಾಸಲೆಯ ಕೆಳಗೆ ನದಿಗೆ ಸ್ವಂತದ ನೀರು ಬಹಳ ಕಡಿಮೆ. ಪಾತ್ರದಲ್ಲಿ ಹರಿಯುವುದು ಹೆಚ್ಚಾಗಿ ನಮ್ಮ ಬಚ್ಚಲು, ಶೌಚಾಲಯಗಳ ನೀರು. ಅದನ್ನುಂಡು ಜಲಪರ್ಣಿ ಕೊಬ್ಬುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದೀಭಾಗಗಳನ್ನು ಪಟ್ಟಿ ಮಾಡಿದಾಗ 53 ಭಾಗಗಳು ಮಹಾರಾಷ್ಟ್ರದವೇ ಆಗಿದ್ದವು. ಮುಠಾ, ಮುಳಾ, ಭೀಮೆ ಮೂರೂ ಅದರಲ್ಲಿದ್ದವು. ಹಳ್ಳಗಳ ಗತಿಯೂ ಬೇರೆಯಲ್ಲ. ಪೇಶ್ವೆಯರು ಕೆರೆ ಕಟ್ಟಿಸಿದ ಅದೇ ಆಂಬಿಲ ಓಢಾ 2019ರ ಸೆಪ್ಟೆಂಬರ್ 25ರ ರಾತ್ರಿ ಉಕ್ಕಿ, ತನ್ನ ಜಾಗವನ್ನು ಒತ್ತಿ ಎದ್ದ ಬಡಾವಣೆಗಳಿಗೆ ನುಗ್ಗಿತು. ಹಲವರು ಪ್ರಾಣ ಕಳೆದುಕೊಂಡರು.

ಹೀಗೆ ಬೆನ್ನು ಹಾಕಿದ ಊರು ಮತ್ತೆ ಮುಖ ತಿರುಗಿಸುವುದು ಹೇಗೆ? ಸರ್ಕಾರದ ಯೋಜನೆಗಳು ಇಲ್ಲದಿಲ್ಲ. 2016ರಲ್ಲಿ ಜಪಾನಿನ ಸಾಲದ ನೆರವಿನಿಂದ ಸುಮಾರು 990 ಕೋಟಿ ರೂಪಾಯಿಗಳ ಶುದ್ಧೀಕರಣ ಯೋಜನೆಗೆ ಒಪ್ಪಿಗೆ ದೊರೆತು, 11 ಹೊಸ ಘಟಕಗಳನ್ನು ಕಟ್ಟುವುದೆಂದಾಯಿತು. 2022ರ ಮಾರ್ಚ್‌ನಲ್ಲಿ 44 ಕಿಲೋಮೀಟರಿನ ನದೀತೀರ ಅಭಿವೃದ್ಧಿ ಯೋಜನೆಗೆ ಶಂಕುಸ್ಥಾಪನೆಯಾಯಿತು. ದಂಡೆ ಕಟ್ಟಿ ಅಂದಗೊಳಿಸಿದರೆ ಜನ ನದಿಯ ಬಳಿಗೆ ಬರುತ್ತಾರೆಂದು ಒಂದು ಪಕ್ಷ. ಮೊದಲು ನೀರು ಶುದ್ಧವಾಗಲಿ, ಪಾತ್ರ ಕಿರಿದಾಗದಿರಲಿ, ದಂಡೆಯ ಮರಗಳು ಉಳಿಯಲಿ ಎಂದು ಇನ್ನೊಂದು ಪಕ್ಷ. 2023ರ ಏಪ್ರಿಲ್‌ನಲ್ಲಿ ಮರಗಳ ಪರವಾಗಿ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. 1961ನ್ನು ಕಂಡ ಊರಿನಲ್ಲಿ ಪಾತ್ರದ ಅಗಲದ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ.

ಇವೆಲ್ಲಕ್ಕಿಂತ ಸದ್ದಿಲ್ಲದೆ ನಡೆದಿರುವ ಕೆಲಸವೊಂದಿದೆ. 2014ರ ಹೊತ್ತಿಗೆ ಪುಣೆಯ ಕೆಲವು ನಾಗರಿಕರು ಕೂಡಿ ‘ಜೀವಿತ ನದಿ’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಇಡೀ ನದಿಯನ್ನು ಒಮ್ಮೆಗೇ ಉದ್ಧರಿಸುವ ಮಾತನ್ನು ಅವರು ಆಡಲಿಲ್ಲ. ನದಿಯ ಒಂದು ತುಂಡನ್ನು ದತ್ತು ತೆಗೆದುಕೊಳ್ಳಿ ಎಂದರು. ಸಿಂಹಗಡ ರಸ್ತೆಯ ವಿಠ್ಠಲವಾಡಿಯ ದಂಡೆ, ಔಂಧದ ಬಳಿಯ ಮುಳಾ ದಂಡೆ ಹೀಗೆ ದತ್ತು ಹೋದವು. ಸುತ್ತಲಿನ ನಿವಾಸಿಗಳು ಅಲ್ಲಿ ಸೇರುತ್ತಾರೆ, ಕಸ ಎತ್ತುತ್ತಾರೆ, ಮಕ್ಕಳನ್ನು ದಂಡೆಗುಂಟ ನಡೆಸಿ ಗಿಡ, ಹಕ್ಕಿ, ಘಾಟುಗಳನ್ನು ಪರಿಚಯಿಸುತ್ತಾರೆ. ಮನೆಯಲ್ಲಿ ಬಳಸುವ ಸೋಪು, ಶಾಂಪೂ, ಫಿನಾಯಿಲುಗಳಲ್ಲಿ ಹೊಳೆಗೆ ವಿಷವಾಗುವುದನ್ನು ಕಡಿಮೆ ಮಾಡುವುದು ಹೇಗೆಂದು ತಿಳಿಸುತ್ತಾರೆ.

ಕಸ ಎತ್ತಿದ ಮಾತ್ರಕ್ಕೆ ನದಿ ಶುದ್ಧವಾಗುವುದೇ ಎಂದು ಕೇಳಬಹುದು. ಆಗುವುದಿಲ್ಲ. ನಗರದ ಮೈಲಿಗೆಯನ್ನು ತೊಳೆಯುವುದು ನಗರಪಾಲಿಕೆಯ ಹೊಣೆ. ಪೊರಕೆ ಹಿಡಿದ ನಾಲ್ವರಿಂದ ಆಗುವ ಕೆಲಸವಲ್ಲ. ಆದರೆ ವಾರವಾರವೂ ಒಂದೇ ದಂಡೆಯನ್ನು ನೋಡುವವನಿಗೆ ನಿನ್ನೆ ಇಲ್ಲದ ಕೊಳವೆ ಇಂದು ಬಾಯಿ ತೆರೆದದ್ದು ಕಾಣುತ್ತದೆ. ರಾತ್ರೋರಾತ್ರಿ ಸುರಿದ ಕಟ್ಟಡದ ಮಣ್ಣು ಕಾಣುತ್ತದೆ. ಆತ ಪಾಲಿಕೆಯ ಕಚೇರಿಗೆ ಹೋಗಿ ಕೇಳುತ್ತಾನೆ, ಮತ್ತೆ ಕೇಳುತ್ತಾನೆ. ಹಿಂದೆ ಹೌದದ ಸುತ್ತ ಕೊಡ ಹಿಡಿದು ನಿಂತವರು ಮಾಡುತ್ತಿದ್ದ ಕಾವಲೇ ಇದು. ನಲ್ಲಿ ಬಂದು ಕಳೆದುಹೋದ ಆ ಪರಿಚಯವನ್ನು ಇವರು ಮರಳಿ ಗಳಿಸುತ್ತಿದ್ದಾರೆ.

ಈ ಕೆಲಸದಲ್ಲಿ ಕನ್ನಡಿಗರ ಪಾಲೆಷ್ಟು? ರಾಜ್ಯೋತ್ಸವಕ್ಕೆ ನಾವು ಒಂದಾಗುತ್ತೇವೆ, ಗಣೇಶೋತ್ಸವದಲ್ಲಿ ಹಾಡುತ್ತೇವೆ. ಗಣಪನನ್ನು ಘಾಟಿನ ಹೌದದಲ್ಲಿಯೇ ವಿಸರ್ಜಿಸಿ, ನಿರ್ಮಾಲ್ಯವನ್ನು ನೀರಿಗೆ ಎಸೆಯದೆ ಕಲಶಕ್ಕೆ ಹಾಕುವುದು ಕಷ್ಟದ ಕೆಲಸವಲ್ಲ. ತಿಂಗಳಿಗೊಂದು ಭಾನುವಾರ ಮಕ್ಕಳೊಡನೆ ಹತ್ತಿರದ ದಂಡೆಗೆ ಹೋಗಿಬರಬಹುದು. ‘ನಾವು ಹೊರಗಿನವರು, ನಮಗೇಕೆ ಇಲ್ಲಿಯ ಉಸಾಬರಿ’ ಎಂಬ ಸಂಕೋಚ ಬೇಡ. ಈ ನೀರನ್ನು ಕುಡಿದು ನಮ್ಮ ಮಕ್ಕಳು ಬೆಳೆದಿದ್ದಾರೆ. ಇದೇ ನೀರಿನ ಕೆಳಗಿನ ಹರಿವಿನಲ್ಲಿ, ಗಾಣಗಾಪುರದ ಸಂಗಮದಲ್ಲಿ, ನಮ್ಮ ಬಂಧುಗಳು ಕೈಮುಗಿದು ಮೂರು ಮುಳುಗು ಹಾಕುತ್ತಾರೆ. ಅವರ ಕಡೆಗೆ ಎಂಥ ನೀರನ್ನು ಕಳಿಸುತ್ತೇವೆ ಎಂಬುದರಲ್ಲಿ ನಮ್ಮ ಮನೆಯ ಪಾಲೂ ಇದೆ.