ಫ್ಲಾರೆನ್ಸಿನ ಸಂಗಮದಲ್ಲಿ ನಮ್ಮ ಕೊಲ್ಹಾಪುರದ ಅರಸ

ಪರೀಕ್ಷೆ ಮುಗಿದು ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಮರಾಠಿ ಪತ್ರಿಕೆಗಳ ತುಂಬ ಪ್ರವಾಸದ ಜಾಹೀರಾತುಗಳೇ. ಹದಿನೈದು ದಿನದಲ್ಲಿ ಯುರೋಪ್, ಮನೆಮಂದಿಗೆಲ್ಲ ರಿಯಾಯಿತಿ, ಊಟ ನಮ್ಮದೇ ಅಡುಗೆಯವರದು ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ಅಂಥ ಒಂದು ಹಾಳೆಗೆ ಪುಸ್ತಕದ ರಟ್ಟು ಹಾಕಿಕೊಂಡಿದ್ದ ನಮ್ಮ ಏಳನೆಯ ತರಗತಿಯ ಹುಡುಗನೊಬ್ಬ ಇತಿಹಾಸದ ತಾಸಿನಲ್ಲಿ ಎದ್ದು ನಿಂತು ಕೇಳಿದ: "ಸರ್, ನಮ್ಮ ಕಡಿಯವ್ರು ಯಾರರೆ ಯುರೋಪಕ್ಕ ಹೋಗ್ಯಾರೇನ್ರಿ?"

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಹೋಗಿದ್ದಾರೆ. ನೂರೈವತ್ತು ವರ್ಷಗಳ ಹಿಂದೆಯೇ ಹೋಗಿದ್ದಾರೆ. ಹೋದವರಲ್ಲಿ ಒಬ್ಬರು ದಿನಚರಿ ಬರೆದಿಟ್ಟಿದ್ದಾರೆ. ಆದರೆ ಅವರು ಮರಳಿ ಊರಿಗೆ ಬರಲಿಲ್ಲ. ಆ ಹುಡುಗನಿಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆವು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಯುರೋಪಕ್ಕೆ ಹೋಗುವ ಶಕ್ತಿ ನಮ್ಮಂಥ ಶಿಕ್ಷಕರ ಕುಟುಂಬಕ್ಕೆ ಎಲ್ಲಿಂದ ಬರಬೇಕು? ರಜೆಯಲ್ಲಿ ನಾವು ಗಡಹಿಂಗ್ಲಜದಿಂದ ಲಾಲ್ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆವು. ಅಂಬಾಬಾಯಿಯ ದರ್ಶನ, ರಂಕಾಳ ಕೆರೆ, ಹೊಸ ಅರಮನೆ, ಟೌನ್ ಹಾಲಿನ ವಸ್ತು ಸಂಗ್ರಹಾಲಯ. ಎಲ್ಲ ಕುಟುಂಬಗಳೂ ನೋಡುವುದು ಇದನ್ನೇ. ಆದರೆ ಈ ಸಲ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು: ಹೊಸ ಅರಮನೆಯನ್ನೂ ಟೌನ್ ಹಾಲನ್ನೂ ನೋಡಿ, ಎರಡನ್ನೂ ಒಬ್ಬನೇ ಕಟ್ಟಿಸಿದಂತೆ ಕಾಣುತ್ತದೆಯೋ ಹೇಗೆ ಹೇಳಿ. ಮಕ್ಕಳು ಕಮಾನು, ಗೋಪುರ ಎಲ್ಲ ನೋಡಿ ಹೌದೆಂದರು. ಅವರ ಊಹೆ ಸರಿ. ಎರಡರ ನಕ್ಷೆಯೂ ಮೇಜರ್ ಚಾರ್ಲ್ಸ್ ಮ್ಯಾಂಟ್ ಎಂಬ ಇಂಗ್ಲಿಷ್ ಇಂಜಿನಿಯರನದು. ಇದೇ ಮ್ಯಾಂಟ್ ನಕ್ಷೆ ಹಾಕಿದ ಇನ್ನೊಂದು ಸಣ್ಣ ಕಟ್ಟಡವಿದೆ. ಅದು ಕೊಲ್ಹಾಪುರದಲ್ಲಿಲ್ಲ, ಭಾರತದಲ್ಲೂ ಇಲ್ಲ. ಇಟಲಿಯ ಫ್ಲಾರೆನ್ಸ್ ನಗರದ ಹೊಳೆದಂಡೆಯ ಮೇಲಿದೆ. ನಾವು ಹೇಳಬೇಕಾದ ಕಥೆ ಅಲ್ಲಿಯದು.

ಇಪ್ಪತ್ತರ ಹರೆಯದ ಅರಸ

1866ರಲ್ಲಿ ಕೊಲ್ಹಾಪುರದ ಛತ್ರಪತಿ ಶಿವಾಜಿ ಮಹಾರಾಜರು, ಅಂದರೆ ಜನ ಬಾಬಾಸಾಹೇಬ ಎಂದು ಕರೆಯುತ್ತಿದ್ದವರು, ತೀರಿಕೊಂಡಾಗ ಅವರಿಗೆ ಮಕ್ಕಳಿರಲಿಲ್ಲ. ಪಾಟಣಕರ ಮನೆತನದ ನಾಗೋಜಿರಾವ್ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದರು. ಹುಟ್ಟಿದ್ದು 1850ರಲ್ಲಿ, ಅಂದರೆ ಪಟ್ಟಕ್ಕೆ ಬಂದಾಗ ಹದಿನಾರು ವರ್ಷ. ನಮ್ಮ ಹತ್ತನೆಯ ತರಗತಿಯ ಹುಡುಗರ ವಯಸ್ಸು. ರಾಜಾರಾಮ ಎಂಬ ಹೆಸರಿನಿಂದ ಗಾದಿಗೆ ಬಂದ ಈ ಹುಡುಗನಿಗೆ ಇಂಗ್ಲಿಷ್ ಕಲಿಸಿದವರು ಜಮ್ಶೆಟ್ಜಿ ನವರೋಜಿ ಉನ್ವಾಲಾ ಎಂಬ ಪಾರ್ಸಿ ಶಿಕ್ಷಕರು. ಶಿಷ್ಯ ಚೆನ್ನಾಗಿ ಕಲಿತ.

ಒಂದು ಮಾತನ್ನು ನಮ್ಮ ಓದುಗರು ನೆನಪಿಡಬೇಕು. ಆಗಿನ ಕೊಲ್ಹಾಪುರ ಸಂಸ್ಥಾನದಲ್ಲಿ ಗಡಹಿಂಗ್ಲಜವೂ ಇತ್ತು, ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ, ಕಟಕೋಳಗಳೂ ಇದ್ದವು. ಇಚಲಕರಂಜಿ ಅದರ ಕೈಕೆಳಗಿನ ಜಹಗೀರು. ಆ ಸಂಸ್ಥಾನದೊಳಗೆ ಮರಾಠಿ ಮಾತಾಡುವವರಿದ್ದಂತೆ ಕನ್ನಡ ಮಾತಾಡುವವರೂ ಇದ್ದರು. ರಾಜಾರಾಮ ಮಹಾರಾಜರು ನಮ್ಮ ಮುತ್ತಜ್ಜಂದಿರ ಅರಸರೂ ಹೌದು.

1870ರ ಮೇ ತಿಂಗಳಲ್ಲಿ ಈ ತರುಣ ಅರಸ ಮುಂಬಯಿಯಿಂದ ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆದು ಆರು ತಿಂಗಳಷ್ಟೇ ಆಗಿತ್ತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ಮೇಲಿನ ಜಾತಿಯ ಹಿಂದೂಗಳು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಗಾದಿಯ ಮೇಲಿದ್ದ ಹಿಂದೂ ಅರಸನೊಬ್ಬ ವಿಲಾಯತಿಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ತಮ್ಮ ಜನರನ್ನು, ತಮ್ಮ ಅಡುಗೆಯ ವ್ಯವಸ್ಥೆಯನ್ನು ಜತೆಗಿಟ್ಟುಕೊಂಡೇ ಹೋದರು. ಇಂದಿನ ಜಾಹೀರಾತಿನಲ್ಲಿ "ಊಟ ನಮ್ಮದೇ ಅಡುಗೆಯವರದು" ಎಂದಿರುತ್ತದಲ್ಲ, ಅದರ ಬೇರು ಎಲ್ಲಿಯವರೆಗೆ ಹೋಗಿದೆ ನೋಡಿ! ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಎಡ್ವರ್ಡ್ ವೆಸ್ಟ್ ಜತೆಗಿದ್ದರು.

ಜೂನ್ ತಿಂಗಳಲ್ಲಿ ಲಂಡನ್ ಮುಟ್ಟಿದರು. ಸುಮಾರು ಐದು ತಿಂಗಳು ಆ ನಾಡಿನಲ್ಲಿದ್ದು ಅರಮನೆ, ಪಾರ್ಲಿಮೆಂಟು, ವಸ್ತು ಸಂಗ್ರಹಾಲಯ ಎಂದು ನೋಡುವುದನ್ನೆಲ್ಲ ನೋಡಿದರು. ವಿಕ್ಟೋರಿಯಾ ರಾಣಿಯನ್ನು ಭೇಟಿಯಾದರು. ಇದನ್ನೆಲ್ಲ ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆಯುತ್ತಾ ಹೋದರು. ಇಂದು ಎಲ್ಲಿಗೆ ಹೋದೆವು, ಯಾರು ಬಂದರು, ಏನು ನೋಡಿದೆವು. ಶಾಲೆಯ ಹುಡುಗ ಸಹಲಿನಿಂದ ಬಂದು ಬರೆಯುವ ಹಾಗೆಯೇ. ಆ ಬರವಣಿಗೆಯಲ್ಲಿ ಅಲಂಕಾರವಿಲ್ಲ. ಅದೇ ಅದರ ಬೆಲೆ. ಆ ಕಾಲದ ಪುಸ್ತಕಗಳಲ್ಲಿ ಇಂಗ್ಲಿಷರು ನಮ್ಮನ್ನು ನೋಡಿ ಬರೆದದ್ದು ರಾಶಿ ರಾಶಿ ಸಿಗುತ್ತದೆ. ನಮ್ಮ ಕಡೆಯ ಹುಡುಗನೊಬ್ಬ ಅವರನ್ನು ನೋಡಿ ಬರೆದದ್ದು ಬಲು ಅಪರೂಪ.

ಯುದ್ಧದ ನಡುವಿನ ದಾರಿ

ಆ ವರ್ಷ ಯುರೋಪಿಗೆ ಒಳ್ಳೆಯ ವರ್ಷವಾಗಿರಲಿಲ್ಲ. 1870ರ ಜುಲೈನಲ್ಲಿ ಫ್ರಾನ್ಸ್ ದೇಶವು ಪ್ರಶ್ಯದ ಮೇಲೆ ಯುದ್ಧ ಸಾರಿತು. ಸೆಪ್ಟೆಂಬರದಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಸೆಡಾನ್‌ನಲ್ಲಿ ಸೆರೆಯಾದ. ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿತ್ತು. ಅದೇ ತಿಂಗಳು ಇಟಲಿಯ ಸೈನ್ಯ ರೋಮ್ ನಗರವನ್ನು ಹೊಕ್ಕಿತು. ನಮ್ಮ ಪಠ್ಯಪುಸ್ತಕದಲ್ಲಿ ಜರ್ಮನಿಯ ಏಕೀಕರಣ, ಇಟಲಿಯ ಏಕೀಕರಣ ಎಂದು ಎರಡು ಬೇರೆ ಬೇರೆ ಪ್ರಶ್ನೆಗಳಾಗಿ ಬರುವ ಘಟನೆಗಳು ಕೊಲ್ಹಾಪುರದ ಅರಸನ ಕಣ್ಣೆದುರಿನ ಸುದ್ದಿಗಳಾಗಿದ್ದವು.

ನವೆಂಬರ ಮೊದಲಲ್ಲಿ ಇಂಗ್ಲೆಂಡ್ ಬಿಟ್ಟರು. ಬೆಲ್ಜಿಯಂ, ಜರ್ಮನಿ ಹಾಯ್ದು, ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಇಳಿಯುವುದು, ಅಲ್ಲಿಂದ ಹಡಗು ಹತ್ತಿ ಊರಿಗೆ ಬರುವುದು ಎಂದು ಯೋಜನೆ. ಚಳಿಗಾಲ ಹತ್ತಿರ ಬಂದಿತ್ತು. ದಾರಿಯಲ್ಲೇ ಆರೋಗ್ಯ ಕೆಟ್ಟಿತು. ಫ್ಲಾರೆನ್ಸ್ ಮುಟ್ಟುವಷ್ಟರಲ್ಲಿ ಸ್ಥಿತಿ ಕೈಮೀರಿತ್ತು. 1870ರ ನವೆಂಬರ 30ರಂದು ಅಲ್ಲಿಯೇ ಕೊನೆಯುಸಿರೆಳೆದರು. ವಯಸ್ಸು ಇಪ್ಪತ್ತು.

ಈಗ ಯೋಚಿಸಿ. ಊರು ಪರದೇಶ, ಮಾತು ಬಾರದು. ಅದು ಕ್ರೈಸ್ತರ ನಗರ. ಹೆಣವನ್ನು ಹೂಳುವುದು ಅವರ ರೂಢಿ, ಸುಡುವುದಕ್ಕೆ ಅಲ್ಲಿ ಪರವಾನಗಿ ಇಲ್ಲ. ಜತೆಯವರಿಗಾದರೋ ಅಗ್ನಿಸಂಸ್ಕಾರ ಆಗಲೇಬೇಕು. ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿ. ನಗರದ ಅಧಿಕಾರಿಗಳು ವಿಶೇಷ ಅನುಮತಿ ಕೊಟ್ಟರು. ಕಾಶ್ಚಿನೆ ಎಂಬ ದೊಡ್ಡ ಉದ್ಯಾನದ ತುದಿಯಲ್ಲಿ ಆರ್ನೊ ನದಿಗೆ ಮುನ್ಯೋನೆ ಎಂಬ ಹಳ್ಳ ಬಂದು ಕೂಡುತ್ತದೆ. ಸಂಗಮವೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಚಲಕರಂಜಿಯ ಆಚೆ ನರಸೋಬಾವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡುವ ಜಾಗವನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಪರನಾಡಿನ ಆ ಸಂಗಮದಲ್ಲಿ, ರಾತ್ರಿಯ ಹೊತ್ತಿನಲ್ಲಿ, ಕಟ್ಟಿಗೆಯ ಚಿತೆಯ ಮೇಲೆ ಕೊಲ್ಹಾಪುರದ ಅರಸನ ದಹನವಾಯಿತು. ಫ್ಲಾರೆನ್ಸಿನ ಜನ ಬೆರಗಿನಿಂದ ನಿಂತು ನೋಡಿದರು. ಚಿತಾಭಸ್ಮವನ್ನು ಭಾರತಕ್ಕೆ ತಂದರು.

ಈ ಭಾಗವನ್ನು ಓದುವಾಗಲೆಲ್ಲ ನಾವು ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಕಾನೂನಿನಲ್ಲಿ ಇಲ್ಲ ಎಂದು ಹೇಳಿ ಆ ಊರಿನವರು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಬೇರೆಯವರ ರೀತಿಗೆ ತಮ್ಮ ಹೊಳೆದಂಡೆಯ ಮೇಲೆ ನಾಲ್ಕು ಮೊಳ ಜಾಗ ಬಿಟ್ಟುಕೊಟ್ಟರು. ಗಡಿಯಲ್ಲಿ ಬಾಳುವ ನಮಗೆ ಇದರ ಬೆಲೆ ತಿಳಿಯುತ್ತದೆ.

ಹೆಸರು ಹೋಗಿ ಉಳಿದದ್ದು

1872ರಲ್ಲಿ ಕ್ಯಾಪ್ಟನ್ ವೆಸ್ಟ್ ಆ ದಿನಚರಿಯನ್ನು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರತಂದರು. 1874ರಲ್ಲಿ ಸಂಗಮದ ಬಳಿ ಸ್ಮಾರಕ ಎದ್ದಿತು. ನಮ್ಮ ಕಡೆಯ ಛತ್ರಿಯಂಥ ಮಂಟಪ; ಒಳಗೆ ಅರಸನ ಎದೆಮಟ್ಟದ ಬಣ್ಣದ ಮೂರ್ತಿ. ಮಂಟಪದ ನಕ್ಷೆ ನಮ್ಮ ಮ್ಯಾಂಟ್ ಸಾಹೇಬನದು, ಮೂರ್ತಿ ಕಡೆದವನು ಚಾರ್ಲ್ಸ್ ಫ್ರಾನ್ಸಿಸ್ ಫುಲ್ಲರ್ ಎಂಬ ಇಂಗ್ಲಿಷ್ ಶಿಲ್ಪಿ. ಪೀಠದ ಮೇಲೆ ಇಟಾಲಿಯನ್, ಇಂಗ್ಲಿಷ್ ಭಾಷೆಗಳ ಜತೆಗೆ ನಮ್ಮ ದೇಶದ ಭಾಷೆಗಳಲ್ಲೂ ಬರಹ ಕೆತ್ತಿದ್ದಾರೆ.

ಫ್ಲಾರೆನ್ಸಿನ ಜನ ಆ ಸ್ಮಾರಕವನ್ನು, ಆ ಜಾಗವನ್ನು "ಇಂಡಿಯಾನೊ" ಎಂದು ಕರೆಯುತ್ತಾರೆ. ಅಂದರೆ ಇಂಡಿಯಾದವನು. 1978ರಲ್ಲಿ ಅಲ್ಲಿಯೇ ಆರ್ನೊ ನದಿಗೆ ದೊಡ್ಡ ಸೇತುವೆ ಆಯಿತು. ಅದಕ್ಕೂ ಇಂಡಿಯಾನೊ ಸೇತುವೆ ಎಂದೇ ಹೆಸರು ಬಂತು. ದಿನವೂ ಸಾವಿರಾರು ಗಾಡಿಗಳು ಕೊಲ್ಹಾಪುರದವನ ಹೆಸರಿನ ಮೇಲೆ ಹಾಯ್ದು ಹೋಗುತ್ತವೆ. ಆದರೆ ಆ ಹೆಸರಿನಲ್ಲಿ ರಾಜಾರಾಮನೂ ಇಲ್ಲ, ಕೊಲ್ಹಾಪುರವೂ ಇಲ್ಲ. ಪರಊರಿನಲ್ಲಿ ಮನುಷ್ಯನ ಹೆಸರು ಹೀಗೆ ಸವೆದು ಹೋಗಿ ಅವನ ದೇಶದ ಗುರುತು ಮಾತ್ರ ಉಳಿಯುತ್ತದೆ. ನಮ್ಮ ಮಕ್ಕಳನ್ನು ತಾಲೂಕಿನ ಆಟೋಟಗಳಲ್ಲಿ "ಕಾನಡಿ ಶಾಳೆಚೆ" ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತಾರಲ್ಲ, ಹಾಗೆ. ಕರೆಯುವವರಲ್ಲಿ ಕೆಟ್ಟತನವಿಲ್ಲ, ಗೊತ್ತಿಲ್ಲ ಅಷ್ಟೆ.

ಊರಿನಲ್ಲಾದರೂ ಏನಾಯಿತು? 1880ರಲ್ಲಿ ಆರಂಭವಾದ ರಾಜಾರಾಮ ಕಾಲೇಜಿನ ಹೆಸರನ್ನು ಕೊಲ್ಹಾಪುರದಲ್ಲಿ ಕೇಳದವರಿಲ್ಲ. ಅದು ಯಾವ ರಾಜಾರಾಮ ಎಂದು ಕೇಳಿದರೆ ಶಿವಾಜಿ ಮಹಾರಾಜರ ಮಗ ಎನ್ನುವವರೇ ಹೆಚ್ಚು. ಅಲ್ಲಿ ಹೆಸರು ಹೋಗಿ ದೇಶ ಉಳಿಯಿತು, ಇಲ್ಲಿ ಹೆಸರು ಉಳಿದು ಮನುಷ್ಯ ಹೋದ. ಅವರನ್ನು ನಮಗೆ ಉಳಿಸಿಕೊಟ್ಟದ್ದು ಒಂದೇ: ಅವರೇ ಬರೆದಿಟ್ಟ ಆ ದಿನಚರಿ.

ಮತ್ತಿಬ್ಬರು ಪ್ರವಾಸಿಗಳು

ರಾಜಾರಾಮರ ನಂತರ ದತ್ತಕ ಬಂದ ಅರಸರೂ 1883ರಲ್ಲಿ ಅಹಮದನಗರದಲ್ಲಿ ಎಳೆವಯಸ್ಸಿನಲ್ಲೇ ತೀರಿಕೊಂಡರು. 1884ರಲ್ಲಿ ಕಾಗಲದ ಘಾಟಗೆ ಮನೆತನದಿಂದ ದತ್ತಕ ಬಂದವರೇ ನಮ್ಮ ಮಕ್ಕಳೆಲ್ಲ ಬಲ್ಲ ಶಾಹೂ ಮಹಾರಾಜರು. ಅವರು ಕೆಲ ವರ್ಷ ಕಲಿತದ್ದು ನಮ್ಮ ಧಾರವಾಡದಲ್ಲಿ. ಅವರೂ 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಹೋದರು. ದೊರೆಗೆ ಕಾಯಿಲೆಯಾಗಿ ಜೂನ್ 26ರ ಸಮಾರಂಭ ಆಗಸ್ಟ್ 9ಕ್ಕೆ ಹೋಯಿತು. ಅವರು ಆ ನಾಡಿನಲ್ಲಿದ್ದಾಗಲೇ, 1902ರ ಜುಲೈ 26ರಂದು, ಕೊಲ್ಹಾಪುರದಲ್ಲಿ ಹಿಂದುಳಿದ ವರ್ಗಗಳಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 50 ಮೀಸಲಿಡುವ ಆಜ್ಞೆ ಹೊರಬಿತ್ತು. ಪ್ರವಾಸಕ್ಕೆ ಹೋದವರು ಊರನ್ನು ಮರೆಯಬೇಕೆಂದೇನೂ ಇಲ್ಲ.

ಮೂರನೆಯವರು ಇಚಲಕರಂಜಿಯ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ. 1904ರಲ್ಲಿ ಅವರ ಊರಿನಲ್ಲಿ ಮೊದಲ ಯಂತ್ರಮಗ್ಗ ಬಂತು. ಮುಂದೆ ಆ ಊರನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನ್ನುವಂತಾಯಿತು. ಇವರು 1913ರಲ್ಲಿ ಯುರೋಪ್ ಸುತ್ತಿಬಂದು ಇಂಗ್ಲಿಷರ ಬದುಕು, ಸ್ವಭಾವ ತಮಗೆ ಹೇಗೆ ಕಂಡಿತು ಎಂದು ಪುಸ್ತಕ ಬರೆದರು. 1914ರಲ್ಲಿ ಅದು ಅಚ್ಚಾಯಿತು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಗಿ, ಅವರು ನೋಡಿಬಂದ ಯುರೋಪ್ ಮತ್ತೆ ಹಾಗೆ ಉಳಿಯಲಿಲ್ಲ.

ಹುಡುಗನಿಗೆ ಉತ್ತರ

ಕೊಲ್ಹಾಪುರದಿಂದ ಮರಳುವ ಬಸ್ಸಿನಲ್ಲಿ ಮಗಳು ಕೇಳಿದಳು: "ಅಪ್ಪಾಜಿ, ಆ ರಾಜ ಡೈರಿ ಬರೀದ ಇದ್ದಿದ್ರ?" ಬರೆಯದೆ ಇದ್ದಿದ್ದರೆ ಆ ಐದು ತಿಂಗಳು ಇನ್ನೊಬ್ಬರು ಬರೆದ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು: ವಿಲಾಯತಿಗೆ ಹೋದರು, ಬರುವಾಗ ತೀರಿಕೊಂಡರು.

ನಮ್ಮ ಸೀಮೆಯಲ್ಲಿ ಕನ್ನಡ ಉಳಿದಿರುವುದೂ ಬರೆದಿಟ್ಟದ್ದರಿಂದಲೇ. ಅಂಬಾಬಾಯಿಯ ಗುಡಿಯಲ್ಲಿ, ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಶಿಲಾಹಾರರ ಕಾಲದವರು ಕಲ್ಲಿನ ಮೇಲೆ ಕೊರೆದಿಡದಿದ್ದರೆ, ಇಲ್ಲಿ ಕನ್ನಡ ಮೊದಲಿನಿಂದಲೂ ಇತ್ತು ಎಂದು ಹೇಳಲು ನಮ್ಮ ಕೈಯಲ್ಲಿ ಏನಿರುತ್ತಿತ್ತು?

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ವರ್ಷ ಸಹಲಿಗೆ ಹೋದಾಗ, ಅದು ಪನ್ಹಾಳಗಡವಿರಲಿ, ಸಾಮಾನಗಡವಿರಲಿ, ಪ್ರತಿ ಮಗುವಿನ ಕೈಯಲ್ಲಿ ನಲವತ್ತು ಪುಟದ ಒಂದು ನೋಟುಬುಕ್ಕು ಕೊಡಿ. ಏನು ನೋಡಿದೆವು, ಏನು ತಿಂದೆವು, ಯಾರು ಏನೆಂದರು. ಅಷ್ಟೇ ಬರೆಯಲಿ, ತಮ್ಮ ಕನ್ನಡದಲ್ಲಿ ಬರೆಯಲಿ. ತಪ್ಪಿದ್ದರೆ ಕೆಂಪು ಶಾಯಿ ಹಚ್ಚುವ ಅವಸರ ಬೇಡ.

ಶಾಲೆ ತೆರೆದ ದಿನ ಆ ಹುಡುಗನನ್ನು ಕರೆದು ಈ ಕಥೆಯನ್ನು ಪೂರ್ತಿ ಹೇಳಿದೆವು. ಸುಮ್ಮನೆ ಕೇಳಿದ. ಆಮೇಲೆ ಪುಸ್ತಕದ ರಟ್ಟಿನ ಮೇಲಿದ್ದ ಯುರೋಪಿನ ನಕಾಶೆಯಲ್ಲಿ ಇಟಲಿಯನ್ನು ಹುಡುಕಿ, ಪೆನ್ನಿನಿಂದ ಒಂದು ಚುಕ್ಕಿ ಇಟ್ಟ. ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದ: "ನಮ್ಮ ರಾಜಾರಾಮ."